ಪಕ್ಕದ ಮನೆಯ ಸದ್ದು ಗೋಡೆ ದಾಟದಿರಲಿ: ಫ್ಲ್ಯಾಟ್‌ನವರಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

"ಗೋಡೆಗೆಲ್ಲ ಫೋಮ್ ಅಂಟಿಸಿದೆ, ಪಕ್ಕದ ಮನೆ ಟೀವಿ ಮೊದಲಿನಷ್ಟೇ ಕೇಳುತ್ತೆ." ಈ ದೂರು ಹೊಸದಲ್ಲ. ನಾನೂ ಒಮ್ಮೆ ಹಾಗೇ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಆಮೇಲೆ ಫೋಮ್ ಕಿತ್ತಾಗ ಅದರ ಜೊತೆ ಗೋಡೆಯ ಪೇಂಟೂ ಬಂತು.

ಫೋಮ್‌ನ ಕೆಲಸವೇ ಬೇರೆ. ನಿಮ್ಮ ಕೋಣೆಯೊಳಗೆ ಹುಟ್ಟಿದ ಸದ್ದು ಮಾರ್ದನಿಸದಂತೆ ಅದು ಹೀರಿಕೊಳ್ಳುತ್ತದೆ, ಅಷ್ಟೆ. ಆ ಕಡೆಯಿಂದ ಬರುವ ಸದ್ದನ್ನು ತಡೆಯಲು ತೂಕ ಬೇಕು. ಹತ್ತಿಯಷ್ಟು ಹಗುರವಾದ ಹಾಳೆಗಳಲ್ಲಿ ತೂಕ ಎಲ್ಲಿಂದ ಬರಬೇಕು? ಮೊಟ್ಟೆಯ ಟ್ರೇ, ಥರ್ಮಾಕೋಲ್, ತೆಳು ಕಾರ್ಕ್ ಎಲ್ಲದರ ಕಥೆಯೂ ಇದೇ. ಅದರ ಮೇಲೆ ಅಗ್ಗದ ಫೋಮ್‌ಗೆ ಬೆಂಕಿ ಬೇಗ ಹತ್ತುತ್ತದೆ, ವಿಷದ ಹೊಗೆಯೂ ಬರುತ್ತದೆ. ಮಲಗುವ ಕೋಣೆಗೆ ಅದನ್ನು ತರಲೇಬೇಡಿ.

ಸೋಲಲು ಇನ್ನೊಂದು ಕಾರಣ ಕೆಲಸದ ಸರದಿ ತಪ್ಪುವುದು. ಎಲ್ಲರೂ ಮೊದಲು ಗೋಡೆಗೇ ಕೈ ಹಾಕುತ್ತಾರೆ. ಆದರೆ ಮೊದಲು ಸದ್ದು ಬರುವ ದಾರಿ ಹುಡುಕಬೇಕು, ಆಮೇಲೆ ತೂತು ಮುಚ್ಚಬೇಕು. ಗೋಡೆಯ ಕೆಲಸ ಕೊನೆಗೆ, ಅದೂ ಬೇಕಾದರೆ ಮಾತ್ರ. ಎಷ್ಟೋ ಮನೆಗಳಲ್ಲಿ ಎರಡನೇ ಹಂತಕ್ಕೇ ನೆಮ್ಮದಿ ಸಿಗುತ್ತದೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಬೆಂಗಳೂರಿನ ಫ್ಲ್ಯಾಟ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಗೋಡೆ: 10 ಅಡಿ ಅಗಲ, 9 ಅಡಿ ಎತ್ತರ, 4 ಇಂಚಿನ ಕಾಂಕ್ರೀಟ್ ಬ್ಲಾಕ್, ಎರಡೂ ಕಡೆ ಪ್ಲಾಸ್ಟರ್.

## ಹಂತ 1: ಸದ್ದು ಬರುವ ದಾರಿ ಹುಡುಕಿ

ಬೇಕಾಗುವುದು: ಒಂದು ಸ್ಟೀಲ್ ಲೋಟ, ಊದುಬತ್ತಿ, ಟಾರ್ಚ್, ಪೆನ್ಸಿಲ್.

ರಾತ್ರಿ ಫ್ಯಾನ್ ಆರಿಸಿ, ಕಿಟಕಿ ಬಾಗಿಲು ಹಾಕಿ. ಪಕ್ಕದಲ್ಲಿ ಟೀವಿ ಓಡುತ್ತಿರುವಾಗ ಲೋಟದ ಬಾಯಿಯನ್ನು ಗೋಡೆಗೆ ಒತ್ತಿ, ತಳಕ್ಕೆ ಕಿವಿ ಇಟ್ಟು ಕೇಳಿ. ಒಂದೊಂದು ಅಡಿಗೆ ಜಾಗ ಬದಲಿಸಿ. ಜಾಸ್ತಿ ಕೇಳುವ ಕಡೆ ಪೆನ್ಸಿಲ್ ಗುರುತು ಹಾಕಿ. ಆಮೇಲೆ ಪಕ್ಕದ ಗೋಡೆಗಳಿಗೂ ನೆಲಕ್ಕೂ ಲೋಟ ಇಟ್ಟು ನೋಡಿ. ನೋಡಿದವರಿಗೆ ನಗು ಬರಬಹುದು, ಬರಲಿ. ಸಾವಿರಾರು ರೂಪಾಯಿ ಉಳಿಸುವ ಹಂತ ಇದು.

ಸದ್ದಿನಲ್ಲಿ ಎರಡು ಜಾತಿ. ಮಾತು, ಟೀವಿ, ಹಾಡು ಗಾಳಿಯಲ್ಲಿ ಬಂದು ಗೋಡೆಗೆ ತಾಗುತ್ತವೆ. ಇವನ್ನು ನಿಮ್ಮ ಕಡೆಯಿಂದ ಚೆನ್ನಾಗಿಯೇ ತಗ್ಗಿಸಬಹುದು. ಮಿಕ್ಸಿಯ ಗುರ್ರ್, ಕುಟ್ಟಾಣಿಯ ಪೆಟ್ಟು, ಕುರ್ಚಿ ಎಳೆದ ಸದ್ದು, ಉಯ್ಯಾಲೆ ಕೊಂಡಿಯ ಕಿರ್ರ್ ಹಾಗಲ್ಲ. ಇವು ಕಟ್ಟಡದ ಮೈಯೊಳಗೇ ಇಳಿಯುತ್ತವೆ. ಸ್ಲ್ಯಾಬ್, ಬೀಮ್, ಅಡ್ಡಗೋಡೆ ಹಿಡಿದು ನಿಮ್ಮ ಕೋಣೆಯ ಎಲ್ಲ ಮೂಲೆಯಿಂದಲೂ ಹೊರಡುತ್ತವೆ. ಒಂದೇ ಗೋಡೆಗೆ ಎಷ್ಟು ಖರ್ಚು ಮಾಡಿದರೂ ಇವಕ್ಕೆ ಅರೆಬರೆ ಫಲ.

ಎಚ್ಚರಿಕೆಯ ಗುರುತು: ಲೋಟದಲ್ಲಿ ಹಂಚಿಕೊಂಡ ಗೋಡೆಗಿಂತ ಅಡ್ಡಗೋಡೆಯಲ್ಲೋ ನೆಲದಲ್ಲೋ ಸದ್ದು ಜಾಸ್ತಿ ಇದ್ದರೆ ಗೋಡೆಯ ಕೆಲಸ ಶುರು ಮಾಡಬೇಡಿ. ಅಲ್ಲಿ ಮದ್ದು ಸದ್ದು ಹುಟ್ಟುವ ಕಡೆಯೇ ಆಗಬೇಕು. ಮಿಕ್ಸಿ, ಗ್ರೈಂಡರ್, ವಾಷಿಂಗ್ ಮಷಿನ್ ಕೆಳಗೆ ಹಾಕುವ ದಪ್ಪ ರಬ್ಬರ್ ಮ್ಯಾಟ್ ಒಂದನ್ನು ನೀವೇ ತಂದುಕೊಡಿ. "ಆಂಟಿ, ಬೆಳಿಗ್ಗೆ ಮಿಕ್ಸಿ ಹಾಕ್ತೀರಲ್ಲ, ಅದರ ಕೆಳಗೆ ಇದನ್ನ ಇಟ್ಟು ನೋಡ್ತೀರಾ?" ಎಂದು ಕೇಳಿದರೆ ಸಾಮಾನ್ಯವಾಗಿ ಯಾರೂ ಜಗಳಕ್ಕೆ ಬರುವುದಿಲ್ಲ. ಟೀವಿ ಅಥವಾ ಸ್ಪೀಕರ್ ಅದೇ ಗೋಡೆಗೆ ತೂಗುಹಾಕಿದ್ದರೆ ಅದನ್ನು ಸ್ಟ್ಯಾಂಡ್ ಮೇಲೆ ಇಳಿಸಿಕೊಳ್ಳುವಂತೆ ಕೇಳಿ ನೋಡಿ. ಊಫರ್ ಕೆಳಗೂ ರಬ್ಬರ್ ಬೇಕು.

ಇನ್ನು ಕಿಟಕಿ. ಅಕ್ಕಪಕ್ಕದ ಬಾಲ್ಕನಿ, ಕಿಟಕಿಗಳು ಹತ್ತಿರ ಇದ್ದರೆ ಸದ್ದು ಹೊರಗಿನಿಂದ ಸುತ್ತಿಕೊಂಡು ಬರುತ್ತಿರಬಹುದು. ದಪ್ಪ ಕಂಬಳಿ ಅಥವಾ ರಜಾಯಿಯನ್ನು ಕಿಟಕಿಗೆ ಬಿಗಿಯಾಗಿ ಮುಚ್ಚಿ ಕೇಳಿ. ವ್ಯತ್ಯಾಸ ಗೊತ್ತಾದರೆ ಕಳ್ಳ ಗೋಡೆಯಲ್ಲ, ಕಿಟಕಿ.

## ಹಂತ 2: ತೂತು, ಬಿರುಕು ಮುಚ್ಚಿ

ಗಾಳಿ ನುಗ್ಗುವ ಕಡೆಯೆಲ್ಲ ಸದ್ದೂ ನುಗ್ಗುತ್ತದೆ. ನಮ್ಮ ಉದಾಹರಣೆಯ ಗೋಡೆ ಸುಮಾರು 40ರಿಂದ 45 ಡೆಸಿಬಲ್ ಸದ್ದು ತಡೆಯುತ್ತದೆ. ಅದರ ತಲೆಯ ಮೇಲೆ, ಬೀಮ್ ಕೆಳಗೆ, ಬರೀ 3 ಮಿ.ಮೀ. ಬಿರುಕು 10 ಅಡಿ ಉದ್ದಕ್ಕೂ ಇದೆ ಎಂದುಕೊಳ್ಳಿ. ಲೆಕ್ಕ ಹಾಕಿದರೆ ಅದೇ ಗೋಡೆ 30 ಡೆಸಿಬಲ್ ಆಸುಪಾಸಿಗೆ ಇಳಿಯುತ್ತದೆ. 10 ಡೆಸಿಬಲ್ ಹೆಚ್ಚಾದರೆ ಕಿವಿಗೆ ಸದ್ದು ದುಪ್ಪಟ್ಟಾದಂತೆ ಅನ್ನಿಸುತ್ತದೆ. ಇಷ್ಟು ಸಣ್ಣ ಬಿರುಕಿನ ಕಿತಾಪತಿ ಎಷ್ಟು ನೋಡಿ.

ಊದುಬತ್ತಿ ಹಚ್ಚಿ ಗೋಡೆಯ ನಾಲ್ಕೂ ಅಂಚಿನಲ್ಲಿ ನಿಧಾನಕ್ಕೆ ಸರಿಸಿ. ಹೊಗೆ ನೆಟ್ಟಗೆ ಏರದೆ ಒಂದು ಕಡೆ ವಾಲಿದರೆ ಅಲ್ಲಿ ದಾರಿ ಇದೆ. ಪರದೆಗೂ ಫೋಮ್‌ಗೂ ಹತ್ತಿರ ಒಯ್ಯಬೇಡಿ. ಮುಖ್ಯವಾಗಿ ನೋಡಬೇಕಾದ ಜಾಗಗಳು:

ಬೀಮ್ ಮತ್ತು ಗೋಡೆ ಕೂಡುವ ಸಾಲು. ಕೊನೆಯ ಸಾಲಿನ ಬ್ಲಾಕ್ ಮೇಲೆ ಗಾರೆ ಸರಿಯಾಗಿ ತುಂಬದೆ ಬಿಟ್ಟಿರುವುದು ತೀರಾ ಸಾಮಾನ್ಯ. ಫಾಲ್ಸ್ ಸೀಲಿಂಗ್ ಇದ್ದರೆ ಲೈಟ್ ಒಂದನ್ನು ಬಿಚ್ಚಿಸಿ, ಆ ತೂತಿನಿಂದ ಟಾರ್ಚ್ ಬಿಟ್ಟು ನೋಡಿ. ಮೇಲೆ ಪ್ಲಾಸ್ಟರ್ ಇಲ್ಲದೆ ಬರೀ ಬ್ಲಾಕ್ ಕಂಡರೆ ಅಚ್ಚರಿಪಡಬೇಡಿ. ಅಲ್ಲಿ ಮೊದಲು ಪ್ಲಾಸ್ಟರ್ ಆಗಬೇಕು. ಸಜ್ಜಾದ ಒಳಗೆ, ವಾರ್ಡ್‌ರೋಬ್ ಹಿಂದೆ ಕೂಡ ನೋಡಿ.

ಬೆನ್ನಿಗೆ ಬೆನ್ನು ಕೊಟ್ಟ ಸ್ವಿಚ್‌ಬೋರ್ಡ್. 4 ಇಂಚಿನ ಗೋಡೆಯಲ್ಲಿ ಈ ಕಡೆ 2 ಇಂಚು ಆಳದ ಬಾಕ್ಸ್, ಆ ಕಡೆ ಅದೇ ಜಾಗದಲ್ಲಿ ಇನ್ನೊಂದು 2 ಇಂಚು. ನಡುವೆ ಉಳಿದಿದ್ದೇನು? ಎರಡು ತಗಡು. ಇಂಥ ಕಡೆ ಪಕ್ಕದವರು ಫೋನಿನಲ್ಲಿ ಯಾರಿಗೆ ಬೈಯುತ್ತಿದ್ದಾರೆ ಎನ್ನುವುದೂ ತಿಳಿಯುತ್ತದೆ. ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಕೈಲೇ ಬಾಕ್ಸ್ ತೆಗೆಸಿ. ಪಾಯಿಂಟನ್ನು ಬೇರೆ ಗೋಡೆಗೆ ಸರಿಸಿ, ಗುಂಡಿಗೆ ಸಿಮೆಂಟ್ ಗಾರೆ ತುಂಬಿಸುವುದು ಒಳ್ಳೆಯದು. ಸ್ವಿಚ್ ಬಾಕ್ಸಿನೊಳಗೆ ಹತ್ತಿ, ಫೋಮ್ ತುರುಕುವವರಿದ್ದಾರೆ. ಅದು ಬೆಂಕಿಗೆ ಆಹ್ವಾನ.

ಎಸಿ ಪೈಪ್, ಕೇಬಲ್ ತೂತು, ಸ್ಕರ್ಟಿಂಗ್ ಹಿಂದಿನ ಸಂದು. ಟೈಲ್ಸ್ ಸ್ಕರ್ಟಿಂಗ್ ಹಿಂದೆ ಎಷ್ಟೋ ಕಡೆ ಪ್ಲಾಸ್ಟರ್ ನೆಲದವರೆಗೆ ಇಳಿದಿರುವುದಿಲ್ಲ. ಬೆರಳಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಸಂದು ಇದೆ ಎಂದೇ ಅರ್ಥ.

ಮುಚ್ಚುವ ಕ್ರಮ ಹೀಗೆ. ಬಿರುಕನ್ನು ಚಾಕುವಿನಿಂದ ಕೆರೆದು ಧೂಳು ತೆಗೆಯಿರಿ. ಬೆರಳು ತೂರುವಷ್ಟು ದೊಡ್ಡದಿದ್ದರೆ ಸಿಮೆಂಟ್ ಗಾರೆ ಒತ್ತಿ ತುಂಬಿ, ಒಣಗಲು ಬಿಡಿ. ಸಣ್ಣದಿದ್ದರೆ ಸೀಲಂಟ್ ಗನ್‌ನಿಂದ ಅಕೌಸ್ಟಿಕ್ ಸೀಲಂಟ್ (ಸದ್ದು ನುಗ್ಗದಂತೆ ಸಂದಿಗೆ ತುಂಬುವ ಅಂಟು) ಹಾಕಿ. ಅದು ಸಿಗದಿದ್ದರೆ ಪೇಂಟ್ ಹಿಡಿಯುವ ಪಾಲಿಯುರಥೇನ್ ಸೀಲಂಟ್ ಆದೀತು. ಮುಖ್ಯ ಏನೆಂದರೆ ಒಣಗಿದ ಮೇಲೂ ಅದು ರಬ್ಬರಿನಂತೆ ಬಾಗಬೇಕು. ವಾಲ್ ಪುಟ್ಟಿ ಹಾಕಿದರೆ ವರ್ಷದೊಳಗೆ ಅದೇ ಜಾಗದಲ್ಲಿ ಮತ್ತೆ ಬಿರುಕು ಬಿಡುತ್ತದೆ. ಉಬ್ಬಿ ತುಂಬುವ ಸ್ಪ್ರೇ ಫೋಮ್ ಕೂಡ ಬೇಡ. ಗಾಳಿ ನಿಲ್ಲಿಸುತ್ತದೆ, ಆದರೆ ತೂಕವಿಲ್ಲ.

ಮುಗಿದ ಮೇಲೆ ಒಂದು ವಾರ ಹಾಗೇ ಬಿಡಿ. ರಾತ್ರಿ ಕಿವಿಗೊಟ್ಟು ನೋಡಿ. ಸಾಕು ಅನ್ನಿಸಿದರೆ ಇಲ್ಲಿಗೇ ನಿಲ್ಲಿಸಿ.

ಬಾಡಿಗೆ ಮನೆಯವರೂ ಇಲ್ಲಿಯವರೆಗೆ ಬಂದರೆ ಸಾಕು. ಆ ಗೋಡೆಗೆ ಪುಸ್ತಕ ತುಂಬಿದ ಕಪಾಟು ಅಥವಾ ಬಟ್ಟೆ ತುಂಬಿದ ಬೀರು ಸರಿಸಿಡಿ. ಗೋಡೆಗೆ ತಾಗಿಸದೆ ಎರಡು ಬೆರಳು ಜಾಗ ಬಿಡಿ. ಮಂಚದ ತಲೆಯನ್ನು ಎದುರು ಗೋಡೆಗೆ ತಿರುಗಿಸಿ. ಮನೆ ಖಾಲಿ ಮಾಡುವಾಗ ಒಯ್ಯಲಾಗದ ಕೆಲಸಕ್ಕೆ ಬಾಡಿಗೆಯವರು ದುಡ್ಡು ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

## ಹಂತ 3: ಗೋಡೆ ಕೆಲಸಕ್ಕೆ ಮುಂಚಿನ ತಪಾಸಣೆ

ಇನ್ನು ಮುಂದಿನದು ಸ್ವಂತ ಮನೆಯವರಿಗೆ. ಮಾಡುವುದೇನೆಂದರೆ ಹಳೇ ಗೋಡೆಯ ಮುಂದೆ, ಅದಕ್ಕೆ ಎಲ್ಲೂ ತಾಗದ ಇನ್ನೊಂದು ತೆಳು ಗೋಡೆ ನಿಲ್ಲಿಸುವುದು. ಹಿಂದೆ ಗಾಳಿ, ನಡುವೆ ರಾಕ್‌ವುಲ್ (ಕಲ್ಲಿನ ಎಳೆಗಳ ಹಾಸು), ಮುಂದೆ ಎರಡು ಪದರ ಜಿಪ್ಸಂ ಬೋರ್ಡ್. ಸರಿಯಾಗಿ ಮಾಡಿದರೆ ಮಾತು ಮತ್ತು ಟೀವಿಯ ಸದ್ದು ಇನ್ನೂ 10ರಿಂದ 15 ಡೆಸಿಬಲ್ ತಗ್ಗುತ್ತದೆ. ಊಫರ್‌ನ ದುಡುಂ ದುಡುಂ ಅಷ್ಟು ತಗ್ಗುವುದಿಲ್ಲ.

ಶುರು ಮಾಡುವ ಮುಂಚೆ:

1. ತೇವ ನೋಡಿ. ಗೋಡೆಯ ಆಚೆ ಬಚ್ಚಲಿದ್ದು ಪೇಂಟ್ ಉಬ್ಬಿದ್ದರೆ, ಬಿಳಿ ಉಪ್ಪು ಬಿಟ್ಟಿದ್ದರೆ ಕೆಲಸ ನಿಲ್ಲಿಸಿ. ಮುಚ್ಚಿದ ಗೋಡೆಯೊಳಗೆ ಬೂಷ್ಟು ಬೆಳೆಯುತ್ತದೆ, ಜಿಪ್ಸಂ ನೆನೆದು ಪುಡಿಯಾಗುತ್ತದೆ. ಮೊದಲು ಸೋರಿಕೆ ಸರಿಯಾಗಲಿ.
2. ಹಳೇ ಪ್ಯಾನೆಲ್ ಇದ್ದರೆ ತೆಗೆಸಿ. ಮರದ ಪ್ಯಾನೆಲ್, ಹಳೇ ಜಿಪ್ಸಂ ಹೊದಿಕೆಯ ಮೇಲೆ ಇನ್ನೊಂದು ಗೋಡೆ ನಿಲ್ಲಿಸಿದರೆ ನಡುವೆ ಎರಡು ಗಾಳಿಯ ಗೂಡು ಆಗುತ್ತದೆ. ಆಗ ಗಡಸು ದನಿಗಳು ಮೊದಲಿಗಿಂತ ಜಾಸ್ತಿ ಕೇಳಬಹುದು.
3. ಅಸೋಸಿಯೇಷನ್‌ಗೆ ತಿಳಿಸಿ. ಕೆಲಸದ ವೇಳೆ, ಲಿಫ್ಟ್ ಬಳಕೆ ಕೇಳಿಕೊಳ್ಳಿ. ಭಾರದ ಬಗ್ಗೆ ಕೇಳಿದರೆ ಲೆಕ್ಕ ಕೊಡಿ: ನಮ್ಮ 90 ಚದರಡಿಗೆ ಒಟ್ಟು 180–190 ಕೆಜಿ. ಇಷ್ಟೇ ಅಳತೆಯ 4 ಇಂಚಿನ ಬ್ಲಾಕ್ ಗೋಡೆ ಸುಮಾರು ಎರಡು ಟನ್ ತೂಗುತ್ತದೆ.
4. ಜಾಗ ಅಳೆಯಿರಿ. ಕೋಣೆಯಿಂದ ಸುಮಾರು ನಾಲ್ಕೂಕಾಲು ಇಂಚು ಹೋಗುತ್ತದೆ. ವಾರ್ಡ್‌ರೋಬ್ ಬಾಗಿಲು ತೆರೆಯುತ್ತದೆಯೇ ಎಂದು ಈಗಲೇ ನೋಡಿ.

## ಹಂತ 4: ಸಾಮಾನು, ಸಲಕರಣೆ

ನಮ್ಮ ಗೋಡೆಗೆ ಬೇಕಾದದ್ದು:

- 12.5 ಮಿ.ಮೀ. ಜಿಪ್ಸಂ ಬೋರ್ಡ್, 6×4 ಅಡಿ: ಪದರಕ್ಕೆ 4ರಂತೆ 8, ಕತ್ತರಿಸುವಾಗ ಹಾಳಾಗುವುದಕ್ಕೆ ಇನ್ನೊಂದು
- 70 ಮಿ.ಮೀ. ಜಿಐ ಸ್ಟಡ್ (ನೆಟ್ಟಗೆ ನಿಲ್ಲಿಸುವ ತಗಡಿನ ಕಂಬಿ) 6, ನೆಲಕ್ಕೂ ಸೀಲಿಂಗಿಗೂ ಅದೇ ಅಳತೆಯ ಚಾನೆಲ್ (ಸ್ಟಡ್ ಕೂರುವ ತಗಡಿನ ಪಟ್ಟಿ)
- 50 ಮಿ.ಮೀ. ದಪ್ಪ, 48 ಸಾಂದ್ರತೆಯ (ಘನ ಮೀಟರಿಗೆ 48 ಕೆಜಿ) ರಾಕ್‌ವುಲ್, 90 ಚದರಡಿ
- ಒಂದು ಬದಿ ಅಂಟಿರುವ ಫೋಮ್ ಟೇಪ್, ಸೀಲಂಟ್, 25 ಮತ್ತು 38 ಮಿ.ಮೀ. ಡ್ರೈವಾಲ್ ಸ್ಕ್ರೂ
- ಹ್ಯಾಮರ್ ಡ್ರಿಲ್, ಸ್ಕ್ರೂ ಗನ್, ತಗಡು ಕತ್ತರಿಸುವ ಕತ್ತರಿ, ಕಟ್ಟರ್, ಲೇಸರ್ ಲೆವೆಲ್ ಅಥವಾ ಮೇಸ್ತ್ರಿಗಳ ನೀರಿನ ಟ್ಯೂಬ್
- ಎನ್95 ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ, ಕೈಗವಸು. ರಾಕ್‌ವುಲ್ ಎಳೆ ಮೈಗೆ ತಾಗಿದರೆ ಸಂಜೆವರೆಗೆ ತುರಿಕೆ.

ಈ ಕೆಲಸ ಬಲ್ಲವರು ಫಾಲ್ಸ್ ಸೀಲಿಂಗ್ ಮಾಡುವವರು, ಬಡಗಿಗಳಲ್ಲ. ಬಡಗಿ ಪ್ಲೈವುಡ್ ಮತ್ತು ಮರದ ಪಟ್ಟಿ ಹಿಡಿದು ಬರುತ್ತಾರೆ. ಪಟ್ಟಿಯನ್ನು ಗೋಡೆಗೇ ಹೊಡೆದು ಪ್ಲೈ ಹಾಕಿದರೆ ನಡುವೆ ಅರ್ಧ ಇಂಚು ಗಾಳಿ ಉಳಿಯುತ್ತದೆ. ಅಷ್ಟು ತೆಳು ಗಾಳಿಯ ಪದರ 200 ಹರ್ಟ್ಸ್ ಆಸುಪಾಸಿನಲ್ಲಿ ತಮಟೆಯ ಹಾಗೆ ಕಂಪಿಸುತ್ತದೆ. ಗಂಡಸರ ದನಿಯ ಗಡಸು ಭಾಗ ಇರುವುದೇ ಅಲ್ಲಿ. ದುಡ್ಡು ಕೊಟ್ಟು ಸದ್ದು ಜಾಸ್ತಿ ಮಾಡಿಸಿಕೊಂಡ ಹಾಗೆ.

ಕೊಟೇಶನ್ ಚದರಡಿ ಲೆಕ್ಕದಲ್ಲಿ ಬರುತ್ತದೆ. ಎಷ್ಟು ಪದರ, ರಾಕ್‌ವುಲ್ ಸಾಂದ್ರತೆ ಎಷ್ಟು, ಸ್ಟಡ್ ಎಷ್ಟು ಮಿ.ಮೀ., ಸೀಲಂಟ್ ಸೇರಿದೆಯೋ ಇಲ್ಲವೋ, ನಾಲ್ಕನ್ನೂ ಬರೆಸಿಕೊಳ್ಳಿ. ಬಾಯಿಮಾತಿಗೆ ಬಿಟ್ಟರೆ ಸೀಲಂಟ್ ಬರುವುದೇ ಇಲ್ಲ.

## ಹಂತ 5: ಚೌಕಟ್ಟು ನಿಲ್ಲಿಸುವುದು

ಮೊದಲು ಹಳೇ ಸ್ಕರ್ಟಿಂಗ್, ಮೊಳೆ, ಕೊಕ್ಕೆ ಎಲ್ಲ ತೆಗೆಯಿರಿ. ಚೌಕಟ್ಟಿನ ಹಿಂಬದಿ ಹಳೇ ಗೋಡೆಯಿಂದ 10 ಮಿ.ಮೀ. ದೂರ ಇರುವಂತೆ ನೆಲದಲ್ಲೂ ಸೀಲಿಂಗಲ್ಲೂ ಗೆರೆ ಹಾಕಿ. ಗೋಡೆ ಸೊಟ್ಟಗಿದ್ದರೆ, ಇರುತ್ತದೆ ಬಿಡಿ, ಉಬ್ಬಿದ ಜಾಗದಿಂದ ಅಳತೆ ಹಿಡಿಯಿರಿ.

ಚಾನೆಲ್ ಬೆನ್ನಿಗೆ ಫೋಮ್ ಟೇಪ್ ಅಂಟಿಸಿ, ಆಮೇಲೆ ನೆಲಕ್ಕೂ ಸ್ಲ್ಯಾಬ್‌ಗೂ ಸ್ಕ್ರೂ ಮಾಡಿ. ಎರಡು ಪಕ್ಕದ ಗೋಡೆಗೆ ತಾಗುವ ಸ್ಟಡ್‌ಗಳ ಬೆನ್ನಿಗೂ ಟೇಪ್ ಬೇಕು. ಫಾಲ್ಸ್ ಸೀಲಿಂಗ್ ಇದ್ದರೆ ಆ ಸಾಲಿನಲ್ಲಿ ಅದನ್ನು ಕತ್ತರಿಸಿ, ಚೌಕಟ್ಟನ್ನು ಸ್ಲ್ಯಾಬ್‌ವರೆಗೇ ಒಯ್ಯಬೇಕು. ಸೀಲಿಂಗ್ ಬೋರ್ಡ್‌ಗೇ ನಿಲ್ಲಿಸಿದರೆ ಸದ್ದು ಮೇಲಿನಿಂದ ಹಾರಿ ಬರುತ್ತದೆ.

ಎಚ್ಚರಿಕೆ: ಸ್ಲ್ಯಾಬ್‌ನಲ್ಲಿ ಫ್ಯಾನ್, ಲೈಟಿನ ವೈರ್ ಪೈಪ್ ಓಡಿರುತ್ತದೆ. ಡ್ರಿಲ್ ಬಿಟ್‌ಗೆ 35 ಮಿ.ಮೀ. ಜಾಗದಲ್ಲಿ ಟೇಪ್ ಸುತ್ತಿಕೊಳ್ಳಿ, ಅದಕ್ಕಿಂತ ಆಳ ಹೋಗಬೇಡಿ. ಬಚ್ಚಲ ಪಕ್ಕದ ನೆಲದಲ್ಲಿ ನೀರಿನ ಪೈಪ್ ಇದ್ದರೆ ಅಲ್ಲಿ ತೂತು ಹೊಡೆಯಲೇಬೇಡಿ, ಚಾನೆಲನ್ನು ಅಂಟಿನಿಂದ ಕೂರಿಸಿ.

ಸ್ಟಡ್‌ಗಳನ್ನು 2 ಅಡಿಗೊಂದರಂತೆ ನಿಲ್ಲಿಸಿ. ಈಗ ಇಡೀ ಮಾರ್ಗದರ್ಶಿಯ ಜೀವಾಳ: ನಡುವಿನ ಸ್ಟಡ್‌ಗಳು ಹಳೇ ಗೋಡೆಗೆ ಎಲ್ಲೂ ತಾಗಬಾರದು.

ನನ್ನ ಮನೆಯಲ್ಲಿ ಆದದ್ದು ಹೇಳುತ್ತೇನೆ. ದುಡ್ಡು ಉಳಿಸಲು 50 ಮಿ.ಮೀ. ಸ್ಟಡ್ ತರಿಸಿದ್ದೆ. ಕೆಲಸ ಮುಗಿಯಿತು, ಪೇಂಟೂ ಆಯಿತು. ರಾತ್ರಿ ಮಲಗಿದರೆ ಸೀರಿಯಲ್‌ನ ದನಿ ಮೆಲ್ಲಗೆ ಕೇಳುತ್ತಲೇ ಇದೆ. ಮತ್ತೆ ಲೋಟ ಹಿಡಿದೆ. ಇಡೀ ಗೋಡೆ ತಣ್ಣಗಿದೆ, ಭುಜದ ಎತ್ತರದಲ್ಲಿ ಒಂದು ಕಡೆ ಮಾತ್ರ ಮಾತು ಸ್ಪಷ್ಟ. ಅಲ್ಲಿ ಅಂಗೈಯಗಲ ಬೋರ್ಡ್ ಕತ್ತರಿಸಿದರೆ ಒಳಗೆ ಕಂಡದ್ದು ಒಂದು ಎಲ್ ಕ್ಲ್ಯಾಂಪ್. 9 ಅಡಿ ಎತ್ತರಕ್ಕೆ ತೆಳು ಸ್ಟಡ್ ಅಲ್ಲಾಡಿದೆ, ಕೆಲಸದವರು ಪಾಪ ಗಟ್ಟಿಯಾಗಲಿ ಎಂದು ಅದನ್ನು ಹಳೇ ಗೋಡೆಗೆ ಬಿಗಿದಿದ್ದಾರೆ. ಎರಡು ಸ್ಕ್ರೂ, ಅಷ್ಟೆ. ಸದ್ದಿಗೆ ಸೇತುವೆ ಕಟ್ಟಿದಂತಾಗಿತ್ತು. ಕ್ಲ್ಯಾಂಪ್ ಬಿಚ್ಚಿದ ಮೇಲೆ ದನಿ ನಿಂತಿತು. ಆದರೆ ಆ ಗೋಡೆ ಇವತ್ತಿಗೂ ಕೈ ಒತ್ತಿದರೆ ಸ್ವಲ್ಪ ಅಲ್ಲಾಡುತ್ತದೆ. ಅದಕ್ಕೇ 70 ಮಿ.ಮೀ. ಹೇಳಿದ್ದು. ಚೌಕಟ್ಟು ನಿಂತ ದಿನ ನೀವು ಮನೆಯಲ್ಲೇ ಇರಿ. ರಾಕ್‌ವುಲ್ ಹಾಕುವ ಮುಂಚೆ ಸ್ಟಡ್ ಹಿಂದೆ ಒಂದು ದಪ್ಪ ರಟ್ಟು ತೂರಿಸಿ, ಮೇಲಿಂದ ಕೆಳಗೆ ಎಳೆಯಿರಿ. ಸಿಕ್ಕಿಕೊಂಡ ಕಡೆ ಏನೋ ಇದೆ.

## ಹಂತ 6: ರಾಕ್‌ವುಲ್ ತುಂಬುವುದು

ಸ್ಟಡ್‌ಗಳ ನಡುವೆ ಬಿಗಿಯಾಗಿ ಕೂರುವಂತೆ ಕತ್ತರಿಸಿ. ಸಂದು ಬಿಡಬೇಡಿ, ಅದುಮಿ ತುರುಕಲೂ ಬೇಡಿ. ಅದುಮಿದರೆ ಹಳೇ ಗೋಡೆಗೂ ಬೋರ್ಡಿಗೂ ಅದೇ ಸೇತುವೆಯಾಗುತ್ತದೆ. ಥರ್ಮಾಕೋಲ್ ಹಾಳೆ "ಅದೇ ಕೆಲಸ ಮಾಡುತ್ತೆ ಸಾರ್" ಎನ್ನುವವರ ಮಾತು ಕೇಳಬೇಡಿ. ಅದರಲ್ಲಿ ಗಾಳಿ ಆಡುವುದಿಲ್ಲ, ಸದ್ದೂ ಕರಗುವುದಿಲ್ಲ.

## ಹಂತ 7: ಬೋರ್ಡ್ ಎರಡು ಪದರ

ನೆಲದ ಮೇಲೆ 5–6 ಮಿ.ಮೀ. ದಪ್ಪದ ಬೋರ್ಡ್ ತುಂಡು ಇಟ್ಟು ಅದರ ಮೇಲೆ ಮೊದಲ ಜಿಪ್ಸಂ ಬೋರ್ಡ್ ನಿಲ್ಲಿಸಿ. ಕೊನೆಗೆ ತುಂಡನ್ನು ಎಳೆದುಬಿಡಿ. ಆ ಸಂದು ಎರಡು ಕೆಲಸಕ್ಕೆ: ನೆಲ ಒರೆಸಿದ ನೀರನ್ನು ಬೋರ್ಡ್ ಹೀರುವುದಿಲ್ಲ, ಸೀಲಂಟ್ ಕೂರಲು ಜಾಗವೂ ಆಗುತ್ತದೆ. ಪಕ್ಕಕ್ಕೂ ಮೇಲಕ್ಕೂ 3–4 ಮಿ.ಮೀ. ಬಿಡಿ.

ಮೊದಲ ಪದರಕ್ಕೆ 25 ಮಿ.ಮೀ. ಸ್ಕ್ರೂ. ಆಮೇಲೆ ನಾಲ್ಕೂ ಅಂಚಿಗೆ, ಬೋರ್ಡ್‌ಗಳ ಜೋಡಣೆಗೆ ಸೀಲಂಟ್. ಇದನ್ನು ಎರಡನೇ ಪದರ ಬರುವ ಮುಂಚೆಯೇ ಮಾಡಬೇಕು. ಆಮೇಲೆ ಕೈ ಹೋಗುವುದಿಲ್ಲ.

ಎರಡನೇ ಪದರದ ಜೋಡಣೆ ಮೊದಲನೆಯದರ ಮೇಲೆ ಬೀಳದಂತೆ ಸರಿಸಿ. ಇಟ್ಟಿಗೆ ಕಟ್ಟುವಾಗ ಸಾಲು ತಪ್ಪಿಸುತ್ತಾರಲ್ಲ, ಹಾಗೆ. 38 ಮಿ.ಮೀ. ಸ್ಕ್ರೂ, ಅಡಿಗೊಂದು. ಸ್ಕ್ರೂ ತಲೆ ಕಾಗದ ಹರಿಯದಷ್ಟೇ ಒಳಗೆ ಕೂರಲಿ. ಮತ್ತೆ ಸುತ್ತ ಸೀಲಂಟ್. ಕೊನೆಗೆ ಜೋಡಣೆಗಳಿಗೆ ಟೇಪ್, ಜಾಯಿಂಟ್ ಪುಡಿಯ ಕಲಸು, ಪೇಂಟ್. ಹೊಸ ಸ್ಕರ್ಟಿಂಗ್ ಹಾಕುವಾಗ ಅದನ್ನು ಬೋರ್ಡಿಗೆ ಮಾತ್ರ ಅಂಟಿಸಿ, ನೆಲಕ್ಕೆ ತಾಗದಂತೆ ಒಂದು ಕಾಗದದಷ್ಟು ಎತ್ತಿ ಹಿಡಿಯಿರಿ.

## ಹಂತ 8: ಪರೀಕ್ಷೆ, ಆಮೇಲಿನ ಜೋಪಾನ

ಕೆಲಸಕ್ಕೆ ಮುಂಚೆ ಮತ್ತು ಆಮೇಲೆ ಒಂದೇ ಜಾಗದಲ್ಲಿ, ಒಂದೇ ಫೋನ್‌ನಿಂದ ಸದ್ದು ಅಳೆಯಿರಿ. ಫೋನ್ ಆ್ಯಪ್‌ನ ಅಂಕಿ ನಿಖರವಲ್ಲ. ಆದರೆ ಹೋಲಿಸಿ ನೋಡಲು ಸಾಕು. ಪಕ್ಕದವರು ಒಪ್ಪಿದರೆ ಎರಡೂ ಸಲ ಒಂದೇ ಟೀವಿ ಚಾನೆಲ್ ಒಂದೇ ವಾಲ್ಯೂಮ್‌ನಲ್ಲಿ ಇಡಿಸಿ.

ಇಷ್ಟಾದ ಮೇಲೂ ರಾತ್ರಿ ಹತ್ತಕ್ಕೆ ಡಿಜೆ ಹಾಕುವವರಿಗೆ ಗೋಡೆ ಉತ್ತರವಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಮೊದಲು ಮಾತಾಡಿ, ಆಮೇಲೆ ಅಸೋಸಿಯೇಷನ್‌ಗೆ ಬರೆದು ಕೊಡಿ, ಅದಕ್ಕೂ ಬಗ್ಗದಿದ್ದರೆ 112.

ಹೊಸ ಗೋಡೆಗೆ ಗಡಿಯಾರ, ಸಣ್ಣ ಫೋಟೋ ತೂಗುಹಾಕಬಹುದು. ಟೀವಿ, ದೇವರ ಮಂಟಪದಂಥ ಭಾರದ ಸಾಮಾನು ಬೇಕೆಂದರೆ ಐದನೇ ಹಂತದಲ್ಲೇ ಆ ಎತ್ತರಕ್ಕೆ ಸ್ಟಡ್‌ಗಳ ನಡುವೆ 18 ಮಿ.ಮೀ. ಪ್ಲೈವುಡ್ ಪಟ್ಟಿ ಕೂರಿಸಿರಬೇಕು. ಟೀವಿ ಹಾಕಲು ಬಂದ ಹುಡುಗ ಉದ್ದನೆಯ ಆ್ಯಂಕರ್ ತೆಗೆದು ಹಳೇ ಗೋಡೆವರೆಗೆ ಕೊರೆಯಲು ಹೊರಟರೆ ಅಲ್ಲೇ ತಡೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಸೀಲಿಂಗ್ ಅಂಚಿನಲ್ಲಿ ಮತ್ತೆ ಊದುಬತ್ತಿ ಹಿಡಿದು ನೋಡಿ. ಹೊಗೆ ವಾಲಿದ ಕಡೆ ಹಳೇ ಸೀಲಂಟ್ ಕೆರೆದು ಹೊಸದು ಹಾಕಿ.